ಹೊಸ ಅಡುಗೆಮನೆಯ ಸ್ವಿಚ್ಚುಗಳು

“ಗುರುಗಳೇ, ಒಳ್ಳೆಯ ಕೆಲಸಕ್ಕೆ ಹೊರಟಾಗ ಕೆಡುಕನ್ನು ನೆನೆಯುವುದು ತಪ್ಪಲ್ಲವೇ?” ಎಂದು ಚೆನ್ನವೀರ ಕೇಳಿದ.

ಮರುದಿನ ಅವನು ಮಠದ ಮಕ್ಕಳನ್ನು ದೋಣಿಯಲ್ಲಿ ಹೊಳೆಯಾಚೆಯ ಗುಡಿಗೆ ಕರೆದೊಯ್ಯಬೇಕಿತ್ತು. ‘ದೋಣಿ ಮಗುಚಿದರೆ ಮಕ್ಕಳನ್ನು ಹಿಡಿಯುವವರು ಯಾರು?’ ಎಂದು ಒಬ್ಬ ತಾಯಿ ಎಲ್ಲರೆದುರು ಕೇಳಿಬಿಟ್ಟಿದ್ದಳು. ಆ ಮಾತು ಅವನ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಹೆಂಡತಿ, ವಯಸ್ಸಾದ ತಾಯಿ, ಅವನು. ಅಷ್ಟೇ ಸಂಸಾರ. ಮಸಿ ಹಿಡಿದ ಹಳೆಯ ಅಡುಗೆಮನೆಯನ್ನು ಕೆಡವಿಸಿ ಅವನು ಹೊಸದನ್ನು ಕಟ್ಟಿಸುತ್ತಿದ್ದ. ಕರೆಂಟಿನ ಒಲೆ, ಓವನ್, ಗೀಸರ್ ಎಲ್ಲವೂ ಬರಲಿದ್ದವು. ಗೋಡೆ ಒಂದು ಚುಕ್ಕೆಯೂ ಇಲ್ಲದೆ ಹೊಳೆಯಬೇಕು ಎಂಬುದು ಅವನ ಬಹುದಿನದ ಆಸೆ.

ವೈರಿಂಗ್ ಮಾಡುವವನು ಬಂದು, “ಒಂದೊಂದಕ್ಕೂ ಬೇರೆ ಬೇರೆ ಸ್ವಿಚ್ಚು ಬೇಕು. ಎಲ್ಲಿಡಲಿ, ಈಗಲೇ ಹೇಳಿಬಿಡಿ. ಟೈಲ್ಸ್ ಕೂತ ಮೇಲೆ ಗೋಡೆ ಒಡೆಯಬೇಕಾಗುತ್ತದೆ” ಎಂದ.

“ಎಲ್ಲವನ್ನೂ ಆಯಾ ಸಾಮಾನಿನ ಹಿಂದುಗಡೆ ಇಟ್ಟುಬಿಡು. ಕಣ್ಣಿಗೆ ಬೀಳಬಾರದು” ಎಂದ ವರ್ತಕ.

ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ಓವನ್ನಿಗೆ ಬೆಂಕಿ ಹತ್ತಿಕೊಂಡರೆ ಅದರ ಹಿಂದೆ ಕೈ ಹಾಕುವುದು ಹೇಗೆ?” ಎಂದಳು.

ವರ್ತಕನಿಗೆ ಸಿಟ್ಟು ಬಂತು. “ಇನ್ನೂ ಹಾಲುಕ್ಕಿಸಿಲ್ಲ, ಆಗಲೇ ಬೆಂಕಿಯ ಮಾತೇ? ಬಿಡ್ತು ಅನ್ನು!”

“ಬಿಡ್ತು” ಎಂದಳು ಅವಳು. ಎಂದವಳೇ, “ಸ್ವಿಚ್ಚು ಮಾತ್ರ ಬಾಗಿಲ ಪಕ್ಕ ಇರಲಿ. ಅತ್ತೆಗೂ ಎಟುಕಬೇಕು” ಎಂದು ಸೇರಿಸಿದಳು.

ಕೆಲಸದವನ ಎದುರು ಜಗಳ ಬೇಡವೆಂದು ವರ್ತಕ ಮುಖ ತಿರುಗಿಸಿಕೊಂಡು ಹೊರಟುಹೋದ. ಅವಳು ಅತ್ತೆಯನ್ನು ಕರೆದು ಬಾಗಿಲ ಬಳಿ ನಿಲ್ಲಿಸಿ ಕೈ ಎತ್ತಿಸಿದಳು. ಕೈ ಸುಲಭವಾಗಿ ಮುಟ್ಟಿದ ಕಡೆ ಸೀಮೆಸುಣ್ಣದ ಗೆರೆ ಬಿತ್ತು. ಗೆರೆಯ ಉದ್ದಕ್ಕೂ ಸ್ವಿಚ್ಚುಗಳು ಸಾಲಾಗಿ ಕುಳಿತವು. ಯಾವುದು ಯಾವುದಕ್ಕೆ ಎಂದು ಅವಳು ಕೆಳಗೆ ಬರೆಸಿದಳು. ಮನೆ ನೋಡಲು ಬಂದವರಿಗೆಲ್ಲ ವರ್ತಕ, “ಆ ಸಾಲು ನನ್ನ ಇಷ್ಟವಲ್ಲ, ಅವಳದು” ಎಂದು ಹೇಳಿಕೊಂಡೇ ತಿರುಗಿದ.

ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಹೆಂಡತಿ ಸಂತೆಗೆ ಹೋಗಿದ್ದಳು. ತಾಯಿ ಅಡುಗೆಮನೆಯ ನೆಲದಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ವರ್ತಕ ಕಡಲೆಬೀಜ ಹುರಿಯಲು ಓವನ್ ಹಾಕಿದ. ಸ್ವಲ್ಪ ಹೊತ್ತಿಗೆ ಅದರ ಹಿಂದೆ ಚಟಚಟ ಸದ್ದಾಯಿತು. ಹೊಗೆ ಎದ್ದಿತು.

ಅವನು ಹಿಂದುಮುಂದು ನೋಡದೆ, ಪ್ಲಗ್ ಕೀಳಲೆಂದು ಓವನ್ನಿನ ಹಿಂದಿನ ಸಂದಿಗೆ ಕೈ ಹಾಕಲು ಹೋದ. ಉರಿ ಮುಖಕ್ಕೆ ರಾಚಿತು. ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡ. ಸಂದಿಯೊಳಗೆ ಬೆಂಕಿ ನೀಲಿಯಾಗಿ ಕುಣಿಯುತ್ತಿತ್ತು. ತಿರುಗಿ ಬಾಗಿಲಿಗೆ ಓಡಿದ. ‘ಓವನ್’ ಎಂದು ಬರೆದಿದ್ದ ಸ್ವಿಚ್ಚನ್ನು ಒತ್ತಿದ.

ಸದ್ದು ನಿಂತಿತು. ಉರಿ ತಾನಾಗಿ ಆರಿತು. ಹೊಗೆ ಕಿಟಕಿಯಿಂದ ಹೊರಗೆ ಹೋಯಿತು. ತಲೆಯ ಮೇಲಿನ ದೀಪ ಉರಿಯುತ್ತಲೇ ಇತ್ತು.

ವರ್ತಕ ಬಾಗಿಲಿಂದ ಹಿಂದಕ್ಕೆ ಬಂದ. ತಾಯಿಯ ಪಕ್ಕದಲ್ಲೇ ಕುಸಿದು ಕುಳಿತ. ತನ್ನ ಕೈಯನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡ. ಸುಟ್ಟಿರಲಿಲ್ಲ. ತಾಯಿಯ ಕೈ ಹಿಡಿದುಕೊಂಡು ಹಾಗೇ ಕುಳಿತ. ಸ್ವಿಚ್ಚು ತಾನು ಹೇಳಿದ ಕಡೆ ಇದ್ದಿದ್ದರೆ ಎಂಬ ಯೋಚನೆ ಬಂದು ಬಾಗಿಲ ಪಕ್ಕದ ಸಾಲನ್ನೇ ನೋಡಿದ.

ಹೆಂಡತಿ ಚೀಲ ಹಿಡಿದು ಒಳಗೆ ಬಂದಳು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. “ಏನಾಯಿತು?” ಎಂದಳು.

“ಏನೂ ಆಗಲಿಲ್ಲ” ಎಂದ ವರ್ತಕ. ಹೇಳುವಾಗ ಅವನಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು. “ಏನೂ ಆಗಲಿಲ್ಲ ಕಣೇ. ಬಾ, ಕೂತ್ಕೋ.”

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಹಿಡಿದಿದ್ದ ಉಸಿರನ್ನು ಬಿಟ್ಟ. “ಸದ್ಯ, ಇಬ್ಬರೂ ಬದುಕಿಕೊಂಡರು” ಎಂದ. ಆಮೇಲೆ, “ಆದರೂ ಆಕೆ ಮೊದಲು ನೆನೆದದ್ದು ಕೆಡುಕನ್ನೇ ಅಲ್ಲವೇ, ಗುರುಗಳೇ?” ಎಂದು ಕೇಳಿದ.

“ಆಕೆ ನೆನೆದದ್ದು ಅವರಿಬ್ಬರನ್ನು, ಚೆನ್ನವೀರ” ಎಂದರು ಗುರುಗಳು.