ದಬ್ಬಣದ ಹೊಲಿಗೆ

"ಗುರುಗಳೇ, ಅಕ್ಕನಿಗೆ ಕೊಡಲೆಂದು ನಾನೇ ಒಂದು ಚಾಪೆ ಹೆಣೆದೆ. ಅಂಚು ಸೊಟ್ಟಗಾಗಿದೆ. ಅದನ್ನು ಕೊಟ್ಟು ನಗೆಪಾಟಲಾಗುವುದಕ್ಕಿಂತ ಕೊಡದೆ ಇರುವುದು ಮೇಲಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಚಾಪೆಯನ್ನು ತೋರಿಸೆನ್ನಲಿಲ್ಲ. ಈ ಕತೆ ಹೇಳಿದರು.

ದುಂಡಪ್ಪನೆಂಬವನು ಕಾಳಿನ ಪೇಟೆಯಲ್ಲಿ ಚೀಲ ಹೊಲಿಯುತ್ತಿದ್ದ. ದಬ್ಬಣಕ್ಕೆ ಹುರಿ ಪೋಣಿಸಿ, ತುಂಬಿದ ಚೀಲಗಳ ಬಾಯಿ ಬಿಗಿಯುವುದು ಅವನ ಕೆಲಸ. ಅವನಿಗೆ ಒಬ್ಬಳೇ ಮಗಳು, ನೀಲವ್ವ. ಅವಳ ಮದುವೆಯಾದ ಮರುವರ್ಷವೇ ದುಂಡಪ್ಪನ ಹೆಂಡತಿ ತೀರಿಕೊಂಡಳು. ತವರಿನಲ್ಲಿ ನೋಡಿಕೊಳ್ಳುವ ಹೆಂಗಸರಿಲ್ಲವೆಂದು ನೀಲವ್ವನ ಮೊದಲ ಹೆರಿಗೆ ಗಂಡನ ಮನೆಯಲ್ಲೇ ಆಯಿತು.

ಮೊದಲ ಮಗುವಿಗೆ ತವರಿನಿಂದ ಕೌದಿ ಹೋಗುವುದು ಆ ಸೀಮೆಯ ರೂಢಿ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಒತ್ತೊತ್ತಾಗಿ ಹೊಲಿದು ತಾಯಿ ಕಳಿಸುತ್ತಾಳೆ. ನೆರೆಯ ಹೆಂಗಸು, ತಾನೇ ಹೊಲಿದುಕೊಡುತ್ತೇನೆ ಎಂದಳು. ದುಂಡಪ್ಪ ಒಪ್ಪಲಿಲ್ಲ. ಹೆಂಡತಿಯ ಪೆಟ್ಟಿಗೆ ತೆಗೆದು ಅವಳ ಹಸಿರು ಇಳಕಲ್ಲ ಸೀರೆಯನ್ನು ಹೊರಗೆ ತೆಗೆದ. ಕತ್ತರಿ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತ. ಆಮೇಲೆ ಕತ್ತರಿಸಿದ.

ಸಣ್ಣ ಸೂಜಿ ಅವನ ಬೆರಳಿನಲ್ಲಿ ನಿಲ್ಲಲಿಲ್ಲ. ಒಂದು ಮುರಿಯಿತು, ಇನ್ನೊಂದು ಮುರಿಯಿತು. ಕೊನೆಗೆ ತನ್ನ ದಬ್ಬಣವನ್ನೇ ಹಿಡಿದ. ಅಕ್ಕಿಕಾಳಿನಷ್ಟಿರಬೇಕಾದ ಹೊಲಿಗೆ ಬೆರಳಿನಷ್ಟು ಉದ್ದ ಬಂತು. ಬಿಚ್ಚಿ ಮತ್ತೆ ಹೊಲಿದ. ಬಿಚ್ಚಿದಲ್ಲೆಲ್ಲ ಬಟ್ಟೆಗೆ ತೂತು ಬಿತ್ತು. ತೂತು ಮುಚ್ಚಲು ಇನ್ನೊಂದು ತುಂಡು ಇಟ್ಟ, ಅದೂ ಓರೆಯಾಯಿತು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬರುತ್ತಿತ್ತು. ಬಿಚ್ಚುವುದಕ್ಕೂ ಸಮಯವಿಲ್ಲದೆ ಹಾಗೆಯೇ ಮುಗಿಸಿದ.

ಬೀಗರ ಊರಿಗೆ ಎತ್ತಿನ ಬಂಡಿಯಲ್ಲಿ ಹೊರಟ. ದಾರಿಯುದ್ದಕ್ಕೂ ಅವನಿಗೆ ಸಮಾಧಾನವಿರಲಿಲ್ಲ. ಬೀಗರ ಮನೆ ದೊಡ್ಡದು. ಅಲ್ಲಿಯ ಹೆಂಗಸರು ಹೊಲಿಗೆಯಲ್ಲಿ ಹೆಸರಾದವರು. ಅವರು ಕೌದಿಯನ್ನು ಬಿಡಿಸುತ್ತಾರೆ. ಬೆಳಕಿಗೆ ಹಿಡಿಯುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮಗಳು ಅವರ ನಡುವೆ ನಿಂತಿರುತ್ತಾಳೆ. ಎರಡು ಸಲ ಬಂಡಿ ನಿಲ್ಲಿಸಿ ಕೌದಿಯನ್ನು ಬಿಚ್ಚಿ ನೋಡಿದ. ನೋಡಿದಷ್ಟೂ ಅದು ಚೀಲದಂತೆಯೇ ಕಂಡಿತು. ದಾರಿಯಲ್ಲೊಂದು ಪೇಟೆ ಬಂತು. ಅಲ್ಲಿ ಇಳಿದು ಒಂದು ಹೊಸ ರಗ್ಗು ಕೊಂಡ. ಕೌದಿಯನ್ನು ಬಂಡಿಯ ಹುಲ್ಲಿನ ಕೆಳಗೆ ತುರುಕಿದ.

"ಒಳ್ಳೆಯ ರಗ್ಗು ತಂದಿದ್ದೀರಿ, ಬೀಗರೇ" ಎಂದಳು ನೀಲವ್ವನ ಅತ್ತೆ. ನೀಲವ್ವ ರಗ್ಗಿನ ಅಂಚನ್ನು ಮುಟ್ಟಿದಳು. ಅಪ್ಪನ ಮುಖವನ್ನು ಒಮ್ಮೆ ನೋಡಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಅಳಿಯ ಎತ್ತುಗಳನ್ನು ನೊಗದಿಂದ ಬಿಚ್ಚಿ ಹಿತ್ತಲಲ್ಲಿ ಕಟ್ಟಿದ. ಅವಕ್ಕೆ ಹಾಕಲೆಂದು ಹುಲ್ಲು ಎಳೆದಾಗ ಕೌದಿ ಕೈಗೆ ಸಿಕ್ಕಿತು.

"ಮಾವಾ, ಇದೇನಿದು?"

"ಅದಾ? ಎತ್ತಿಗೆ ಹೊದಿಸುವುದು" ಎಂದ ದುಂಡಪ್ಪ.

ಆ ದಿನ ಚಳಿಗಾಳಿ ಬೀಸುತ್ತಿತ್ತು. ಅಳಿಯ ಒಳ್ಳೆಯವನು. ಕೌದಿಯನ್ನು ಕೊಡವಿ, ದಣಿದ ಎತ್ತಿನ ಬೆನ್ನಿಗೆ ಅಚ್ಚುಕಟ್ಟಾಗಿ ಹೊದಿಸಿದ. ದುಂಡಪ್ಪ ಬೇಡವೆನ್ನಲು ಹೋದ. ಅಷ್ಟರಲ್ಲಿ ಊಟಕ್ಕೆ ಕರೆದರು. ಎಲೆಯ ಮುಂದೆ ಕುಳಿತ. ಮಗಳು ಹಿತ್ತಲಿಗೆ ಹೋಗದಿದ್ದರೆ ಸಾಕು, ಸಂಜೆಯೊಳಗೆ ಹೊರಟುಬಿಟ್ಟರೆ ಸಾಕು ಎಂದುಕೊಳ್ಳುತ್ತಿದ್ದ. ಒಳಗೆ ಬಳೆಯ ಸದ್ದಾದಾಗಲೆಲ್ಲ ತಲೆಯೆತ್ತಿ ಬಾಗಿಲು ನೋಡುತ್ತಿದ್ದ.

ಕೈ ತೊಳೆಯಲು ಹಿತ್ತಲಿಗೆ ಬಂದಾಗ ನೀಲವ್ವ ಎತ್ತಿನ ಮುಂದೆ ನಿಂತಿದ್ದಳು.

"ಅಪ್ಪಾ, ಇದು ಅವ್ವನ ಸೀರೆ" ಎಂದಳು. "ಎತ್ತಿನ ಮೈಮೇಲೆ ಹಾಕಿದೆಯಾ?"

ದುಂಡಪ್ಪ ಎಂಜಲು ಕೈಯಲ್ಲೇ ನಿಂತುಬಿಟ್ಟ. ಸುಳ್ಳನ್ನು ಇನ್ನಷ್ಟು ಬೆಳೆಸಲು ಅವನಿಂದಾಗಲಿಲ್ಲ. "ನಿನಗೆಂದೇ ಹೊಲಿದೆ, ಯವ್ವಾ. ಒರಟಾಯಿತು. ಇವರು ನೋಡಿ ನಕ್ಕರೆ ನಿನ್ನ ತಲೆ ತಗ್ಗುತ್ತದೆಂದು ಅಂಜಿದೆ."

"ಅವ್ವ ಹೋದಳು, ಅಪ್ಪನಿಗೆ ನೆನಪಿಲ್ಲ, ನನ್ನ ಮಗುವಿಗೆ ಇನ್ನು ತವರಿನ ಕೌದಿ ಇಲ್ಲ ಎಂದು ಈಗತಾನೆ ಒಳಗೆ ಕುಳಿತು ಅತ್ತು ಬಂದೆ" ಎಂದಳು ನೀಲವ್ವ. ಅಷ್ಟು ಹೇಳಿ ಮತ್ತೆ ಅತ್ತಳು. ಎತ್ತಿನ ಬೆನ್ನಿನಿಂದ ಕೌದಿಯನ್ನು ಎಳೆದುಕೊಂಡಳು. ಅದಕ್ಕೆ ಸಗಣಿ ಮೆತ್ತಿತ್ತು, ಒಂದು ಮೂಲೆಯನ್ನು ಎತ್ತು ಅಗಿದಿತ್ತು. ಅವಳೇ ಅದನ್ನು ಬಾವಿಯ ಹತ್ತಿರ ಒಯ್ದು ಒಗೆದಳು. ದುಂಡಪ್ಪ ನೀರು ಸೇದಿಕೊಟ್ಟ.

ಮುಂದಿನ ಹಬ್ಬಕ್ಕೆ ನೀಲವ್ವ ತವರಿಗೆ ಬಂದಾಗ ಮಗುವನ್ನು ಆ ಕೌದಿಯಲ್ಲೇ ಸುತ್ತಿಕೊಂಡು ಬಂದಳು. ದುಂಡಪ್ಪ ಮೊಮ್ಮಗಳನ್ನು ಎತ್ತಿಕೊಂಡ, ಆಡಿಸಿದ. ಆದರೂ ಎತ್ತಿನ ಮುಂದೆ ನಿಂತಿದ್ದ ಮಗಳ ಮುಖ ಅವನನ್ನು ಬದುಕಿರುವವರೆಗೂ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಗುರುಗಳೇ, ಬೀಗರ ಮನೆಯವರು ಕೊನೆಗೆ ಆ ಹೊಲಿಗೆಯನ್ನು ನೋಡಿದರೇ? ನಕ್ಕರೇ?"

"ಮಗಳು ಅತ್ತಳೆಂದು ನಾನು ಹೇಳಿದೆ, ನೀನು ಯಾರು ನಕ್ಕರೆಂದು ಕೇಳುತ್ತಿದ್ದೀಯೆ" ಎಂದರು ಗುರುಗಳು.