ಕೋಳಿಗೂಡಿನ ಬಿಳಿ ಪುಡಿ

ಹೊಳೆಯ ದಂಡೆಯ ಆ ಮಠದಲ್ಲಿ ಮನುಷ್ಯರು ಇಬ್ಬರೇ: ಸಾವಂತ್ರವ್ವ, ಅವಳ ಶಿಷ್ಯ ಗದಿಗೆಪ್ಪ. ಉಳಿದವೆಲ್ಲ ಕೋಳಿಗಳು.

ಆಚೆ ದಂಡೆಯಲ್ಲಿ ದೇವಿಯ ಗುಡಿಯಿತ್ತು. ಕೋಳಿ ಕೊಡುತ್ತೇನೆಂದು ಹರಕೆ ಹೊತ್ತವರು ಮಠದ ಮುಂದೆಯೇ ಹಾದು ದೋಣಿ ಹತ್ತಬೇಕು. ಸಾಕಿದ ಕೋಳಿಯನ್ನು ಕೊಯ್ಯಲು ಮನಸ್ಸಾಗದವರು ಅದನ್ನು ಮಠದಲ್ಲಿ ಬಿಟ್ಟು, ಅವ್ವನ ಕೈಯಿಂದ ವಿಭೂತಿ ಪಡೆದು ಹಿಂದಿರುಗುತ್ತಿದ್ದರು. ಅವ್ವ ಇಲ್ಲದಿದ್ದರೆ ಪಡಸಾಲೆಯ ಗೋಡೆಯ ಮಾಡದಲ್ಲಿದ್ದ ಡಬ್ಬಿಯಿಂದ ತಾವೇ ಒಂದು ಚಿಟಿಕೆ ತೆಗೆದುಕೊಳ್ಳುವುದು ರೂಢಿ. ಹಣೆಗಿಷ್ಟು, ನಾಲಗೆಗಿಷ್ಟು.

"ದೇವಿ ಸಿಟ್ಟಾಗೂದಿಲ್ಲೇನವ್ವಾ?" ಎಂದು ಯಾರಾದರೂ ಅಳುಕುತ್ತ ಕೇಳುತ್ತಿದ್ದರು.

"ಆಕಿನೂ ತಾಯಿನೇ. ನಾ ಹೇಳತೀನಿ ತಗೋ," ಎನ್ನುತ್ತಿದ್ದಳು ಅವ್ವ.

ಮೊಟ್ಟೆಗಳು ಊರಿನ ಬಸುರಿಯರ ಮನೆಗೆ ಹೋಗುತ್ತಿದ್ದವು. ಕೋಳಿಗಳ ಹೊಣೆ ಗದಿಗೆಪ್ಪನದು.

ಆ ವರ್ಷ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ಗೂಡು ಬರಿದಾಯಿತು. ಬೋಳುಕುತ್ತಿಗೆಯ ಒಂದು ಮುದಿ ಹೇಂಟೆ ಮಾತ್ರ ಉಳಿಯಿತು. ಉಳಿದವನ್ನೆಲ್ಲ ಗದಿಗೆಪ್ಪ ತನ್ನ ಕೈಯಾರೆ ಮಣ್ಣು ಮಾಡಿದ.

ಇನ್ನೊಂದು ಜೀವ ನನ್ನ ಕೈಯಲ್ಲಿ ಹೋದರೆ ಈ ಮಠದಲ್ಲಿ ಇರಲು ನಾನು ತಕ್ಕವನಲ್ಲ, ಎಂದುಕೊಂಡ. ಪಶು ಡಾಕ್ಟರ ಬಳಿಗೆ ಹೋದ.

ಡಾಕ್ಟರು ಬ್ಲೀಚಿಂಗ್ ಪುಡಿಯ ಒಂದು ಡಬ್ಬಿ ಕೊಟ್ಟರು. "ಮೊದಲು ಗೂಡು ಸ್ವಚ್ಛ ಮಾಡು. ಆಮೇಲೆ ಇದು. ಡಬ್ಬಿಯ ಮೇಲೆ ಬರೆದಷ್ಟೇ ಹಾಕು. ಬೇರೆ ಯಾವುದನ್ನೂ ಇದಕ್ಕೆ ಕೂಡಿಸಬೇಡ. ಕೋಳಿಯ ಕಾಳಿನ ಹತ್ತಿರ ಇಡಬೇಡ."

ಗದಿಗೆಪ್ಪ ತಲೆಯಾಡಿಸಿದ. ಮನಸ್ಸು ಆಗಲೇ ಗೂಡು ಸೇರಿತ್ತು.

ಅಂದೇ ಗೂಡಿನ ತುಂಬ ಔಷಧ ಹೊಡೆದ. ಬೋಳುಕುತ್ತಿಗೆಯ ಹೇಂಟೆ ಬಾಗಿಲಲ್ಲಿ ಒಮ್ಮೆ ಸೀನಿ, ಬೆನ್ನು ತಿರುಗಿಸಿ ಹುಣಸೆಮರದ ಬುಡಕ್ಕೆ ನಡೆಯಿತು. ಗದಿಗೆಪ್ಪನ ಕಣ್ಣಲ್ಲೂ ನೀರು.

ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು.

"ಎಷ್ಟು ಹಾಕೀದಿ?"

"ಬರದದ್ದರ ಎರಡು ಪಟ್ಟು ಅವ್ವಾ. ಇನ್ನ ರೋಗ ಈ ಕಡೆ ಸುಳಿಯಬಾರದು."

"ಹಿಕ್ಕಿ ಎಲ್ಲಿ ಹೋತು?"

"ಅಲ್ಲೇ ಐತಿ. ಅದರ ಮ್ಯಾಲೇ ಹೊಡದೀನಿ."

ಅವ್ವ ತಿರುಗಿ ಅಡುಗೆಮನೆಗೆ ನಡೆದಳು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಗದಿಗೆಪ್ಪನ ಮುಂದೆ ಬಂದದ್ದು ಬೆಳಿಗ್ಗೆ ಅವನೇ ಉಂಡ ತಾಟು. ಝುಣಕ ಒಣಗಿ ಅಂಟಿಕೊಂಡಿತ್ತು. ಅದರ ಮೇಲೆಯೇ ಅವ್ವ ಬಿಸಿ ಅನ್ನ ಬಡಿಸಿದಳು. ತುಪ್ಪ ಸುರಿದಳು. ಮತ್ತೆ ಸುರಿದಳು.

"ಅವ್ವಾ, ತಾಟು ತೊಳದಿಲ್ಲ."

"ತುಪ್ಪ ಎರಡು ಪಟ್ಟು ಹಾಕೀನಲ್ಲ. ಉಣ್ಣು."

ಗದಿಗೆಪ್ಪ ತಾಟನ್ನು ನೋಡಿದ, ಅವ್ವನ ಮುಖ ನೋಡಿದ. ಎದ್ದು ಸಲಿಕೆ ಹಿಡಿದು ಗೂಡಿಗೆ ಹೋದ.

ಗಾಳಿ ಆಡಿ ಘಾಟು ಇಳಿಯುವವರೆಗೆ ಕಾದ. ಹಿಕ್ಕೆ ಕೆರೆದು ಹೊರಗೆ ಹಾಕಿದ. ಹಳೆಯ ಹೊಟ್ಟು ತೆಗೆದ. ಸಾಬೂನು ನೀರಿನಲ್ಲಿ ನೆಲ, ಗೋಡೆ, ಕೋಲುಗಳನ್ನು ಉಜ್ಜಿ, ತೊಳೆದು, ಒಣಗಲು ಬಿಟ್ಟ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿ, ಬರೆದಷ್ಟೇ ಅಳೆದು ಔಷಧ ಹಾಕಿದ. ಹೇಳಿದಷ್ಟು ಹೊತ್ತು ಬಿಟ್ಟು ಮತ್ತೆ ತೊಳೆದ. ನೀರಿನ ಬಟ್ಟಲುಗಳನ್ನು ಬೋರಲು ಹಾಕಿ ಬಿಸಿಲಿಗಿಟ್ಟ.

ಅವ್ವ ಬಂದು ಗೂಡಿನೊಳಗೆ ತಲೆ ಹಾಕಿ ಮೂಸಿದಳು. "ಈಗ ನಾನೂ ಇಲ್ಲೇ ಮಲಗಬಹುದು."

"ನೀವು ಮಲಗಿದರ ಕೋಳಿಗೆ ಜಾಗ ಎಲ್ಲೈತವ್ವಾ?"

ಇಬ್ಬರೂ ನಕ್ಕರು. ರೋಗ ಬಂದ ಮೇಲೆ ಆ ಮಠದಲ್ಲಿ ನಗು ಕೇಳಿದ್ದು ಅದೇ ಮೊದಲು.

ಹೊಸ ಕೋಳಿಗಳು ಬಂದವು. ಒಂದೂ ಸಾಯಲಿಲ್ಲ. ಗದಿಗೆಪ್ಪನ ನಡಿಗೆಯೇ ಬದಲಾಯಿತು. ಔಷಧದ ವಿಷಯ ಯಾರು ಕೇಳಿದರೂ ನಿಂತು ಹೇಳುವಷ್ಟು ಬಲ್ಲವನಾದ.

ಮಳೆಗಾಲದಲ್ಲಿ ಡಾಕ್ಟರು ಕೊಟ್ಟ ಡಬ್ಬಿಯ ಮುಚ್ಚಳ ಒಡೆಯಿತು. ತೇವ ತಗುಲಿದರೆ ಪುಡಿ ಕೆಡುತ್ತದೆ. ಕಾಳಿನ ಕೋಣೆಯಲ್ಲಿ ಇಡುವಂತಿಲ್ಲ. ಗದಿಗೆಪ್ಪ ಯೋಚಿಸಿದ. ಖಾಲಿಯಾದ ವಿಭೂತಿ ಡಬ್ಬಿಯೊಂದು ಕಣ್ಣಿಗೆ ಬಿತ್ತು. ಮುಚ್ಚಳ ಬಿಗಿಯಾಗಿತ್ತು. ಪುಡಿಯನ್ನು ಅದಕ್ಕೆ ಸುರಿದು, ಪಡಸಾಲೆಯ ಮಾಡದಲ್ಲಿ ವಿಭೂತಿಯ ಪಕ್ಕದಲ್ಲಿ ಇಟ್ಟ.

ಯಾವುದು ಯಾವುದೆಂದು ನನಗೆ ಗೊತ್ತಿದೆಯಲ್ಲ, ಎಂದುಕೊಂಡ.

ಒಂದು ಬೆಳಿಗ್ಗೆ ಅವ್ವ ಸ್ನಾನಕ್ಕೆ ಹೊಳೆಗೆ ಹೋಗಿದ್ದಳು. ಕಾಶವ್ವ ಎಂಬವಳು ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಮುಖ ಜ್ವರದಿಂದ ಬಾಡಿತ್ತು. ಕೆಂಚು ಕೋಳಿಯೊಂದನ್ನು ಎದೆಗೆ ಅವುಚಿಕೊಂಡಿದ್ದಳು.

"ಇವಳ ಜ್ವರಕ್ಕಂತ ದೇವಿಗೆ ಹರಕಿ ಹೊತ್ತಿದ್ದೆ," ಎಂದಳು ಕಾಶವ್ವ. "ದಾರಿ ತುಂಬ ಅತಗೋತ ಬಂದಾಳ. ಕೋಳಿ ಸತ್ತರ ನಾನೂ ಸಾಯತೀನಿ ಅಂತಾಳ್ರೀ. ಇಂಥಾಕಿನ್ನ ಕಟಗೊಂಡು ಹೆಂಗ ದೋಣಿ ಹತ್ತಲಿ?"

"ಹತ್ತಬ್ಯಾಡ್ರಿ. ಇಲ್ಲೇ ಇರಲಿ," ಎಂದ ಗದಿಗೆಪ್ಪ. "ಹೊಸ ಕೋಳೀನ ಸ್ವಲ್ಪ ದಿನ ಬ್ಯಾರೆ ಇಡಬೇಕು. ಬುಟ್ಟಿ ತರತೀನಿ, ಕುಂದರ್ರಿ."

ಬುಟ್ಟಿ ಹಿಡಿದು ಬರುವಾಗ ಘಾಟು ಮೂಗಿಗೆ ಬಡಿಯಿತು. ಪಡಸಾಲೆಯಲ್ಲಿ ಕಾಶವ್ವನ ಎಡಗೈಯಲ್ಲಿ ಡಬ್ಬಿ. ಹುಡುಗಿಯ ಹಣೆಯ ಮೇಲೆ ಬಿಳಿ ಗೆರೆ. ಅವಳು ನಾಲಗೆ ಚಾಚಿ ನಿಂತಿದ್ದಳು. ತಾಯಿಯ ಬೆರಳು ಬಾಯಿಯ ಹತ್ತಿರ.

ಗದಿಗೆಪ್ಪ ಓಡಿ ಬಂದು ಆ ಕೈಗೆ ಹೊಡೆದ.

ಡಬ್ಬಿ ಉರುಳಿತು. ಪುಡಿ ನೆಲಕ್ಕೆ ಚೆಲ್ಲಿತು. ಕೋಳಿ ಕಿರುಚಿ ಹಾರಿತು. ಹುಡುಗಿ ಅಳತೊಡಗಿದಳು.

ಕಾಶವ್ವ ಹೊಡೆಸಿಕೊಂಡ ಕೈಯನ್ನೇ ನೋಡುತ್ತ ನಿಂತಳು. "ಯಾಕ್ರೀ? ನಮ್ಮ ಕೈ ಮುಟ್ಟಿದ್ದಕ್ಕ ಮೈಲಿಗಿ ಆತೇನು? ಮೊದಲ ಹೇಳಿದ್ದರ ಹೊರಗ ನಿಂದರತಿದ್ದಿವಿ."

ತುಂಬಿದ ಕೊಡ ಹೊತ್ತ ಅವ್ವ ಮೆಟ್ಟಿಲ ಬಳಿ ಬಂದು ನಿಂತಿದ್ದಳು. ಗದಿಗೆಪ್ಪ ಅವಳನ್ನು ನೋಡಿ, ಕಾಶವ್ವನತ್ತ ತಿರುಗಿದ.

"ಹಂಗಲ್ಲ ತಾಯಿ. ಅದು ವಿಭೂತಿ ಅಲ್ಲ. ಗೂಡಿಗೆ ಹಾಕೋ ಔಷಧ. ವಿಷ. ವಿಭೂತಿ ಡಬ್ಬ್ಯಾಗ ಹಾಕಿಟ್ಟಾಂವ ನಾನ."

ಅವ್ವ ಅವನತ್ತ ನೋಡಲಿಲ್ಲ. ಕೊಡ ಇಳಿಸಿ ಹುಡುಗಿಯ ಮುಂದೆ ಕುಳಿತಳು.

"ಬಾಯಿ ತೆಗಿ ಮಗಾ. ಆ ಅನ್ನು."

ನಾಲಗೆ ಸ್ವಚ್ಛವಾಗಿತ್ತು. ಅವ್ವ ಹುಡುಗಿಯ ತಲೆಯನ್ನು ಹಿಂದಕ್ಕೆ ಬಾಗಿಸಿ, ಕಣ್ಣಿಗೆ ಹರಿಯದಂತೆ ಅಂಗೈ ಅಡ್ಡ ಹಿಡಿದು, ಹಣೆಯ ಮೇಲೆ ನೀರು ಬಿಟ್ಟಳು. ತಾಯಿಯ ಬೆರಳಿಗೂ ಬಿಟ್ಟಳು. ಕೊಡ ಬರಿದಾಯಿತು.

"ಇನ್ನೊಂದು ಕೊಡ."

ಗದಿಗೆಪ್ಪ ಓಡಿದ. ತಂದ. ಅವ್ವ ಮತ್ತೆ ತೊಳೆದಳು.

ಹುಡುಗಿ ಬಿಕ್ಕುತ್ತ ಹೇಳಿದಳು, "ಕೋಳಿ ಕಾಲಿಗೂ ಹತ್ತೈತಿ."

"ಹೌದಲ್ಲ! ಹಿಡಕೊಂಡು ಬಾ ಅದನ್ನ." ಅವ್ವ ಕೋಳಿಯ ಕಾಲುಗಳನ್ನೂ ಒಂದೊಂದಾಗಿ ತೊಳೆದಳು. ಕೋಳಿ ಗದರಿತು. ಹುಡುಗಿಗೆ ಅಳುವಿನ ನಡುವೆಯೇ ನಗು ಬಂತು.

ಅವ್ವ ಕಾಶವ್ವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಸೆರಗಿನಿಂದ ಒರೆಸಿದಳು. ಸೊಂಟದ ಚೀಲ ಬಿಚ್ಚಿ ವಿಭೂತಿ ತೆಗೆದು, ಮೊದಲು ತನ್ನ ನಾಲಗೆಗೆ ಹಾಕಿಕೊಂಡಳು. ಆಮೇಲೆ ಆ ಕೈಗೆ ಕೊಟ್ಟಳು.

"ಇದು ಮನಸ್ಸಿಗೆ. ಜ್ವರಕ್ಕ ದವಾಖಾನಿಗೆ ಹೋಗು. ಹಣಿನೂ ತೋರಿಸು. ಇವ ಜೋಡಿ ಬರತಾನ, ಔಷಧದ ಹೆಸರು ಇವನೇ ಹೇಳತಾನ."

ಗದಿಗೆಪ್ಪ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ನಡೆದ. ಹಣೆಗೆ ಏನೂ ಆಗಿಲ್ಲ, ಜ್ವರಕ್ಕೆ ಗುಳಿಗೆ ಕೊಡುತ್ತೇವೆ ಎಂದರು ದವಾಖಾನೆಯವರು. ಬೀಳ್ಕೊಳ್ಳುವಾಗ ಹುಡುಗಿ ಅವನ ಅಂಗಿ ಹಿಡಿದಳು. "ನನ್ನ ಕೋಳೀನ ನೀನ ನೋಡಕೋಬೇಕು."

ಅವನು ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡು ಹೊರಟ.

ಮಠಕ್ಕೆ ಬಂದವನೇ ಪುಡಿ ಗುಡಿಸಿ ಎತ್ತಿಕೊಂಡ. "ಹೊಳಿಗೆ ಚೆಲ್ಲಿ ಬರತೀನಿ ಅವ್ವಾ. ಇದರ ಸಹವಾಸ ಬ್ಯಾಡ."

"ಮೀನು ನಿನಗೇನು ಮಾಡ್ಯಾವು?"

ಗದಿಗೆಪ್ಪ ನಿಂತ.

"ಮತ್ತ ರೋಗ ಬಂದರ ಗೂಡಿಗೆ ಏನು ಹಾಕಾಂವ? ವಿಭೂತಿ?"

ಮರುದಿನ ಆ ಪುಡಿಯನ್ನು ಡಾಕ್ಟರಿಗೇ ಒಪ್ಪಿಸಿ, ಹೆಸರು ಅಚ್ಚಾದ ಹೊಸ ಡಬ್ಬಿ ತಂದ. ಪುಡಿ ಹಾಕಿದ್ದ ವಿಭೂತಿ ಡಬ್ಬಿಯನ್ನು ಇನ್ನಾರೂ ಬಳಸದಂತೆ ಒಡೆದು ಹಾಕಿದ. ಕಾಳಿನಿಂದ, ಕೋಳಿಗಳಿಂದ ದೂರದ ಕೋಣೆಯಲ್ಲಿ, ಗೋಡೆಗೆ ಒಂದು ಕಟ್ಟಿಗೆಯ ಪೆಟ್ಟಿಗೆಯನ್ನು ಮೊಳೆ ಹೊಡೆದು ಕೂರಿಸಿದ. ಹೊಸ ಡಬ್ಬಿಯನ್ನು ಅದರೊಳಗಿಟ್ಟು, ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದ.

"ಏನು ಬರದಿ?" ಎಂದಳು ಅವ್ವ.

"ವಿಷ ಅಂತ."

"ಕಾಶವ್ವಗ ಓದಾಕ ಬರತೈತೇನು?"

ಗದಿಗೆಪ್ಪ ಪೆಟ್ಟಿಗೆಯನ್ನು ಇನ್ನೂ ಮೇಲಕ್ಕೆ ಏರಿಸಿ ಹೊಡೆದ. ಕೀಲಿ ಹಾಕಿದ. ಅವ್ವ ಹೂಂ ಎಂದಳು.

ಕೀಲಿಕೈಯನ್ನು ತಂದು ಅವನು ಅವಳ ಪಾದದ ಬಳಿ ಇಟ್ಟ.

"ಇದು ನಿಮ್ಮ ಹತ್ತರ ಇರಲಿ. ಕೋಳಿಗಳನ್ನೂ ಬ್ಯಾರೆ ಯಾರಿಗಾದರೂ ಒಪ್ಪಸ್ರಿ. ನಾ ಮಠ ಬಿಡತೀನಿ ಅವ್ವಾ. ನನ್ನ ಮ್ಯಾಲೆ ನನಗ ನಂಬಿಕಿ ಹೋಗೈತಿ."

ಅವ್ವ ಕೀಲಿಕೈ ಎತ್ತಿಕೊಂಡಳು. ಸೆರಗಿನ ಅಂಚಿನಿಂದ ಒಂದು ಎಳೆ ದಾರ ಹರಿದು ಹೊಸೆದು, ಅದಕ್ಕೆ ಪೋಣಿಸಿದಳು. ಅವನನ್ನು ಹತ್ತಿರ ಕರೆದು ಕೊರಳಿಗೆ ಕಟ್ಟಿದಳು. ಗಂಟು ಬಿಗಿದ ಮೇಲೂ ಅವಳ ಕೈ ಅವನ ತಲೆಯ ಮೇಲೆಯೇ ಇತ್ತು.

"ನಂಬಿಕಿ ಇದ್ದಾಗಲೇ ತಮ್ಮಾ, ನೀ ಅದನ್ನ ವಿಭೂತಿ ಡಬ್ಬ್ಯಾಗ ಹಾಕಿದ್ದು."