ಅಮ್ಮನಿಗೆ ಕೊಟ್ಟ ಬಾಡಿಗೆ

"ಗುರುಗಳೇ, ರಿಟರ್ನ್ಸ್ ತುಂಬಿದ ಮಕ್ಕಳನ್ನು ಮನೆಗೆ ಕಳಿಸುತ್ತೀರಿ. ಮನೆಯವರ ಮುಂದೆ ಗಟ್ಟಿಯಾಗಿ ಓದಿ ಬಂದ ಮೇಲೆಯೇ ಸಹಿ ಹಾಕಿ ಎನ್ನುತ್ತೀರಿ. ಅದು ಯಾಕೆ?" ಎಂದು ವಾಗೀಶ ಕೇಳಿದ.

ಗುರುಗಳು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಮೊದಲ ಸಂಬಳ ಕಂಡ ಹುಡುಗ ಹುಡುಗಿಯರಿಗೆ ಭಾನುವಾರಗಳಂದು ಆದಾಯ ತೆರಿಗೆಯ ರಿಟರ್ನ್ಸ್ ತುಂಬುವುದನ್ನು ಹೇಳಿಕೊಡುತ್ತಿದ್ದರು. ಇನ್ನು ಮುಂದೆ ಆ ಪಾಠ ಅವರ ಶಿಷ್ಯ ವಾಗೀಶನದು. ಅವನಿಗೆ ಈ ಪದ್ಧತಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಒಪ್ಪಿಗೆಯಾಗಿತ್ತು.

"ಮಕ್ಕಳು ನಗುತ್ತಾರೆ" ಎಂದ. "ಸಂಬಳ ಎಷ್ಟು, ಅದರಲ್ಲಿ ಕಳೆಯುವುದೆಷ್ಟು, ಯಾವ ಅಂಕಿ ಯಾವ ಕಾಲಂಗೆ, ಇಷ್ಟು ಹೇಳಿಕೊಟ್ಟರೆ ಪಾಠ ಮುಗಿಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದರೆ ಅಂಕಿ ಬದಲಾಗುತ್ತದೆಯೇ?"

ಗುರುಗಳು ಅದಕ್ಕೆ ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಿಧವೆ ಇದ್ದಳು. ಗಂಡ ಕಟ್ಟಿಸಿದ ಮನೆ ಅವಳ ಹೆಸರಿನಲ್ಲಿತ್ತು. ಗುಮಾಸ್ತನಾಗಿದ್ದ ಮಗ ಅದೇ ಮನೆಯಲ್ಲಿದ್ದು ಸಂಸಾರ ನಡೆಸುತ್ತಿದ್ದ. ತಾಯಿಗೆ ಊಟಕ್ಕೆ ಕೊರತೆಯಿರಲಿಲ್ಲ, ಔಷಧಿಗೂ ಕೊರತೆಯಿರಲಿಲ್ಲ. ಆದರೆ ಅವಳ ಕೈಗೆ ಕಾಸು ಕೊಡುವ ವಾಡಿಕೆ ಆ ಮನೆಯಲ್ಲಿರಲಿಲ್ಲ.

ಊರಿನ ದತ್ತಿ ಸಂಸ್ಥೆಯೊಂದು ಸ್ವಂತ ವರಮಾನವಿಲ್ಲದ ವಿಧವೆಯರಿಗೆ ಮಾಸಾಶನ ಕೊಡುತ್ತಿತ್ತು. ಯಾರನ್ನೂ ಕೇಳದೆ ಅವಳು ಖರ್ಚು ಮಾಡಬಹುದಾಗಿದ್ದುದು ಅದೊಂದನ್ನೇ. ಅದರಲ್ಲಿ ತನಗೆ ಒಂದಿಷ್ಟು ನಶ್ಯ ತರಿಸುವಳು. ಉಳಿದದ್ದರಲ್ಲಿ, ಮನೆಗೆ ಬಂದ ಮಗಳಿಗೆ ಒಂದು ರವಿಕೆ ಕಣ, ಹೊರಡುವಾಗ ಮೊಮ್ಮಗುವಿನ ಮುಷ್ಟಿಯಲ್ಲಿ ಒಂದು ನೋಟು. ಹಣ ಅಲ್ಪ. ಆದರೆ ಅದು ಇರುವ ತನಕ ಮಗಳಿಗೆ ತವರು ಇತ್ತು.

ಮಗನ ಸಂಬಳದಲ್ಲಿ ಮನೆ ಬಾಡಿಗೆಯ ಭತ್ಯೆ ಸೇರಿತ್ತು. ಬಾಡಿಗೆ ಕೊಡುವವನಿಗೆ ಆ ಭತ್ಯೆಯ ಮೇಲೆ ತೆರಿಗೆ ಕಡಿಮೆ. ತಾಯಿಗೇ ಬಾಡಿಗೆ ಕೊಡುತ್ತಿದ್ದೇನೆಂದು ಬರೆದುಬಿಡು, ನಾವೆಲ್ಲ ಬರೆಯುವುದು ಹಾಗೇ, ಎಂದು ಕಚೇರಿಯ ಸ್ನೇಹಿತರು ಹೇಳಿಕೊಟ್ಟರು. ಅವನು ತಾಯಿಯ ಹೆಸರಿನಲ್ಲಿ ಪ್ಯಾನ್ ಕಾರ್ಡ್ ಮಾಡಿಸಿದ. ವರ್ಷದ ರಸೀದಿಗಳನ್ನೆಲ್ಲ ಒಟ್ಟಿಗೆ ಬರೆದು ಅವಳ ಮುಂದೆ ಹರಡಿದ.

"ಏನೋ ಇದು?"

"ನಾನು ನಿನಗೆ ಬಾಡಿಗೆ ಕೊಡ್ತಿದ್ದೀನಿ ಅಂತ. ಸುಮ್ಮನೆ ಸಹಿ ಹಾಕಮ್ಮ."

ತಾಯಿಗೆ ನಗು ತಡೆಯಲಾಗಲಿಲ್ಲ. "ಬಾಡಿಗೆಯಾ? ಹಾಗಾದ್ರೆ ಹೊಟ್ಟೆಯಲ್ಲಿ ಇಟ್ಕೊಂಡಿದ್ದ ಒಂಬತ್ತು ತಿಂಗಳ ಬಾಕಿಯನ್ನೂ ಬರಕೊಳ್ಳೋ!"

ಮಗನೂ ನಕ್ಕ. ಅವಳು ಸಹಿ ಹಾಕಿದಳು. ಅವನಿಗೆ ತೆರಿಗೆ ಉಳಿಯಿತು. ಉಳಿದದ್ದರಲ್ಲಿ ಸ್ಕೂಟರಿಗೆ ಹೊಸ ಟೈರು ಬಂತು.

ಮುಂದೆ ತೆರಿಗೆಯ ಅಧಿಕಾರಿ ರಸೀದಿಗಳನ್ನು ಪರಿಶೀಲಿಸಲು ತಾಯಿ ಮಗ ಇಬ್ಬರನ್ನೂ ಕರೆಸಿದ. "ಮಗ ನಿಮಗೆ ಬಾಡಿಗೆ ಕೊಟ್ಟದ್ದು ನಿಜವೇನಮ್ಮ?" ಎಂದು ಕೇಳಿದ. ತಾಯಿ ಮಗನ ಕಡೆ ನೋಡಿದಳು. ಅವನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಶಾಲೆಯಲ್ಲಿ ಪೆಟ್ಟು ತಿನ್ನುವ ಮುಂಚೆಯೂ ಅವನಿಗೆ ಹಾಗೇ ಆಗುತ್ತಿತ್ತು.

"ಕೊಟ್ಟಿದ್ದಾನೆ ಸ್ವಾಮಿ. ಒಂದು ತಿಂಗಳೂ ತಪ್ಪಿಸಿಲ್ಲ. ಅಂಥ ಮಗ ನನಗೆ."

"ಸರಿ. ಹಾಗಾದರೆ ಅದು ನಿಮ್ಮ ವರಮಾನ. ನಿಮ್ಮ ಹೆಸರಿನಲ್ಲೂ ರಿಟರ್ನ್ಸ್ ಹಾಕಿಸಿ" ಎಂದು ಅಧಿಕಾರಿ ಕಡತ ಮುಚ್ಚಿದ. ಮಗ ಹಾಕಿಸಿದ. ಒಂದು ಅಂಕಿಯೂ ತಪ್ಪಲಿಲ್ಲ. ಅವನು ಆ ವಿದ್ಯೆಯನ್ನು ಚೆನ್ನಾಗಿ ಕಲಿತಿದ್ದ.

ದತ್ತಿ ಸಂಸ್ಥೆಯವರು ವರ್ಷಕ್ಕೊಮ್ಮೆ ಎಲ್ಲರ ವರಮಾನ ವಿಚಾರಿಸುವುದಿತ್ತು. ಆ ವರ್ಷ ಅವಳ ಸರದಿ ಬಂದಾಗ ಮೇಜಿನ ಹಿಂದಿದ್ದವನು ಅವಳು ತಂದಿದ್ದ ರಿಟರ್ನ್ಸ್‌ನ ಪ್ರತಿ ಓದಿ ಹಿಂದಕ್ಕೆ ಕೊಟ್ಟ. "ಅಜ್ಜಿ, ನಿಮಗೆ ಬಾಡಿಗೆ ಬರುತ್ತಲ್ಲ. ಇದು ಏನೂ ಇಲ್ಲದವರಿಗೆ."

ಸಾಲಿನಲ್ಲಿ ಹಿಂದೆ ನಿಂತಿದ್ದವಳು ತನ್ನ ಪಕ್ಕದವಳಿಗೆ, ಕೇಳಲಿ ಎಂದೇ, ಹೇಳಿದಳು: "ನೋಡಿದ್ಯಾ, ಮನೆ ಬಾಡಿಗೆ ಎಣಿಸ್ಕೊಳ್ಳೋರಿಗೂ ಧರ್ಮದ ದುಡ್ಡು ಬೇಕಂತೆ."

ನನಗೆ ಯಾರೂ ಒಂದು ಕಾಸೂ ಕೊಟ್ಟಿಲ್ಲ ಎಂದು ಅವಳು ಅಲ್ಲೇ ಕೂಗಿ ಹೇಳಬಹುದಿತ್ತು. ಹೇಳಿದರೆ ಮಗ ಸುಳ್ಳುಗಾರನಾಗುತ್ತಿದ್ದ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸಾಲಿನಿಂದ ಹೊರಗೆ ಬಂದಳು.

ಮನೆಯಲ್ಲಿ ವಿಷಯ ತಿಳಿದು ಮಗ ನೊಂದುಕೊಂಡ. "ಹೋಗಲಿ ಬಿಡಮ್ಮ. ನಿನಗೇನು ಊಟಕ್ಕೆ ಕಡಿಮೆಯಾ? ಇನ್ನು ಮೇಲೆ ಆ ಸುಳ್ಳು ಬರೆಯಲ್ಲ" ಎಂದ. ಮಾತಿನಂತೆ ನಡೆದ. ಮುಂದಿನ ವರ್ಷ ಬಾಡಿಗೆಯ ಕಾಲಂ ಖಾಲಿ ಬಿಟ್ಟು ಪೂರ್ತಿ ತೆರಿಗೆ ಕಟ್ಟಿದ. ಸ್ನೇಹಿತರು ಹರಿಶ್ಚಂದ್ರನ ಮರಿಮಗ ಎಂದು ಹಾಸ್ಯ ಮಾಡಿದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ತಾಯಿಯ ಮಾಸಾಶನವನ್ನು ಅಷ್ಟರಲ್ಲಿ ಬೇರೊಬ್ಬಳಿಗೆ ಕೊಟ್ಟಾಗಿತ್ತು. ನಶ್ಯ ಬಿಡುವುದು ಅವಳಿಗೆ ಕಷ್ಟವಾಗಲಿಲ್ಲ. ಆದರೆ ಮಗಳು ಮಗುವಿನೊಂದಿಗೆ ಬಂದಾಗ ಅವಳು ತಲೆನೋವೆಂದು ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಅವರು ಹೊರಡುವಾಗಲೂ ಏಳಲಿಲ್ಲ. ಬರಿಗೈಯಲ್ಲಿ ಬಾಗಿಲ ತನಕ ಹೋಗುವುದು ಅವಳಿಂದಾಗಲಿಲ್ಲ. ಅಮ್ಮನಿಗೆ ಈಗ ನಾನು ಬೇಡವಾದೆ ಎಂದುಕೊಂಡು ಮಗಳು ಬಸ್ಸು ಹತ್ತಿದಳು. ಮತ್ತೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ವಾಗೀಶ ಹೇಳಿದ: "ಪಾಪ, ಆ ತಾಯಿ. ಆದರೂ ಗುರುಗಳೇ, ಮಗ ಕೊನೆಗೆ ತಿದ್ದಿಕೊಂಡನಲ್ಲ. ಆ ಕಾಲಂ ಖಾಲಿ ಬಿಟ್ಟ ಮೇಲೆ ಅವನ ರಿಟರ್ನ್ಸ್‌ನಲ್ಲಿ ಸುಳ್ಳು ಉಳಿಯಲಿಲ್ಲ. ಅದಕ್ಕಿಂತ ಹೆಚ್ಚು ಅವನಾದರೂ ಏನು ಮಾಡಬಹುದಿತ್ತು?"

ಗುರುಗಳು ಹೇಳಿದರು: "ಬರೆದ ಬಾಡಿಗೆಯನ್ನು ಅಮ್ಮನ ಕೈಗೆ ಕೊಟ್ಟಿದ್ದರೂ ಸುಳ್ಳು ಉಳಿಯುತ್ತಿರಲಿಲ್ಲ, ಅಂಕಿಯನ್ನಷ್ಟೇ ನೋಡಿದ್ದರಿಂದ ಅದು ಅವನಿಗೂ ಹೊಳೆಯಲಿಲ್ಲ, ನಿನಗೂ ಹೊಳೆಯಲಿಲ್ಲ."